ಗುಳ್ಳೆರೋಗದಲ್ಲಿ ನಿದ್ರೆಗೆಡಿಸುವ ತುರಿಕೆ

1938ರ ಧ್ವಜ ಸತ್ಯಾಗ್ರಹದಿಂದ ನಾಡಿಗೆ ಪರಿಚಿತವಾದ ಶಿವಪುರದ ಸೀಮೆಯಲ್ಲಿ ಕಬ್ಬಿನ ಸೋಗೆ ತಾಗಿ ಮೈ ತುರಿಸದವರು ವಿರಳ. ತೊಳೆದುಕೊಂಡರೆ ಅದು ಶಮನವಾಗುತ್ತದೆ. ನಾವು ಹೇಳಹೊರಟಿರುವುದು ತೊಳೆದರೂ ಹೋಗದೆ ವರ್ಷಗಟ್ಟಲೆ ಕಾಡುವ ತುರಿಕೆಯನ್ನು ಕುರಿತು.

ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬುದು ವಂಶಪಾರಂಪರ್ಯವಾಗಿ ಬರುವ ಅಪರೂಪದ ವ್ಯಾಧಿ. ಚರ್ಮದ ಪದರಗಳನ್ನು ಬೆಸೆಯುವ ವ್ಯವಸ್ಥೆಯೇ ದುರ್ಬಲವಾಗಿರುವುದರಿಂದ ತುಸು ಉಜ್ಜಿದರೂ ನೀರ್ಗುಳ್ಳೆ ಏಳುತ್ತದೆ. ಏಳನೆಯ ಬಗೆಯ ಕೊಲಾಜೆನ್ನಿನ ದೋಷದಿಂದ ಬರುವ ಒಂದು ಪ್ರಭೇದದಲ್ಲಿ ಗುಳ್ಳೆಗಿಂತ ತುರಿಕೆಯೇ ಪ್ರಬಲ. 1994ರಲ್ಲಿ ವೈದ್ಯರು ಇದನ್ನು ಪ್ರುರಿಜಿನೋಸಾ ಎಂಬ ಹೆಸರಿನಿಂದ ಪ್ರತ್ಯೇಕವಾಗಿ ವರ್ಣಿಸಿದರು. ಕೆಲವರಿಗೆ ಶೈಶವದಲ್ಲಿ, ಕೆಲವರಿಗೆ ಪ್ರಾಯದಲ್ಲಿ ತೊಡಗಿ, ಮೊಣಕಾಲಿನ ಕೆಳಗೆ ಗಂಟುಗಳೂ ಕಲೆಗಳೂ ಮೂಡುತ್ತವೆ. ಗುಳ್ಳೆಗಳು ಕೆರೆತಕ್ಕೆ ಒಡೆದುಹೋಗಿರುವುದರಿಂದ ಇಸುಬೆಂದು ಭಾವಿಸುವುದು ಸಾಮಾನ್ಯ. ಇದು ಅಂಟುರೋಗವಲ್ಲ, ಶಾಪವಂತೂ ಅಲ್ಲವೇ ಅಲ್ಲ.

ಕೆರೆದರೆ ಗಾಯ, ಗಾಯ ಮಾಯುವಾಗ ಮತ್ತೆ ತುರಿಕೆ. ಈ ಸುತ್ತನ್ನು ಮುರಿಯುವುದೇ ಚಿಕಿತ್ಸೆಯ ಗುರಿ. "ಕೆರೆಯಬೇಡ" ಎಂದು ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ನಿದ್ರೆಯಲ್ಲಿ ಕೈ ತಡೆಯುವವರಾರು? ಉಗುರು ಮೋಟಾಗಿರಲಿ. ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರಿನ ಸ್ನಾನ, ಒಡನೆಯೇ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯ ಲೇಪ, ಅಂಟಿಕೊಳ್ಳದ ಪಟ್ಟಿ, ಸಡಿಲವಾದ ಹತ್ತಿಬಟ್ಟೆ ಇವು ನಿತ್ಯದ ಆಸರೆ. ಅರಿಸಿನದ ಲೇಪ ಒಣಗಿ ಅಂಟಿದ ಮೇಲೆ ಅದನ್ನು ಉಜ್ಜಿ ತೆಗೆಯುವಾಗ ಚರ್ಮವೇ ಕಿತ್ತುಬರಬಹುದು, ಕರ್ಪೂರದೆಣ್ಣೆ ಉರಿಯುತ್ತದೆ. ಎರಡೂ ಬೇಡ. ಶಿವದಾರವೂ ಕೊರಳನ್ನು ಉಜ್ಜುವುದುಂಟು; ಮೃದುವಾದ ಬಟ್ಟೆಯ ದಾರ ಮೇಲು.

ಔಷಧಗಳ ವಿಚಾರದಲ್ಲಿ ತಾಳ್ಮೆ ಬೇಕು. ಅಲರ್ಜಿಯ ಮಾತ್ರೆಗಳು ರಾತ್ರಿ ನಿದ್ರೆ ತರಿಸಿದರೂ ತುರಿಕೆಯನ್ನು ಅನೇಕ ವೇಳೆ ಅಡಗಿಸಲಾರವು. ನರಗಳ ಮೇಲೆ ವರ್ತಿಸುವ ಗ್ಯಾಬಪೆಂಟಿನ್, ಕೆಲಕಾಲದ ಸ್ಟೀರಾಯ್ಡ್ ಮುಲಾಮು, ಸೈಕ್ಲೋಸ್ಪೋರಿನ್ ಮೊದಲಾದವನ್ನು ತಜ್ಞರು ಪರಿಶೀಲಿಸಿ ಕೊಡುತ್ತಾರೆ. ಥ್ಯಾಲಿಡೋಮೈಡ್ ಗರ್ಭಸ್ಥ ಶಿಶುವಿಗೆ ಘೋರ ಹಾನಿ ಮಾಡಬಲ್ಲದು. ಈಚಿನ ವರ್ಷಗಳಲ್ಲಿ ಡ್ಯುಪಿಲುಮ್ಯಾಬ್ ಚುಚ್ಚುಮದ್ದಿನಿಂದ ಕೆಲವರ ತುರಿಕೆ ಗಣನೀಯವಾಗಿ ತಗ್ಗಿದ ವರದಿಗಳು ಬಂದಿವೆ. ಇದು ಮೂಲದೋಷವನ್ನು ನೀಗುವುದಿಲ್ಲ, ಬೆಲೆಯೂ ದುಬಾರಿ. ಆದರೂ ರಾತ್ರಿಯ ನಿದ್ರೆ ಮರಳುವುದೆಂದರೆ ಸಣ್ಣ ಮಾತಲ್ಲವೆಂದು ನಮ್ಮ ಎಣಿಕೆ.

ನಮ್ಮಲ್ಲಿ ಸೋದರಮಾವನ, ಅತ್ತೆಮಗನ ಸಂಬಂಧಗಳು ರೂಢಿಯಲ್ಲಿವೆ. ತಂದೆತಾಯಿ ಇಬ್ಬರೂ ದೋಷಯುಕ್ತ ಜೀನಿನ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ರೋಗದ ಸಂಭವ ಶೇ. 25, ಒಬ್ಬರಿಂದಲೇ ಬರುವ ಬಗೆಯಲ್ಲಿ ಶೇ. 50. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಂಸ್ಥೆಯಲ್ಲಿ ಆನುವಂಶಿಕ ಆಪ್ತಸಲಹೆ ದೊರೆಯುತ್ತದೆ. ಮುಂದಿನ ಗರ್ಭಕ್ಕೆ ಮೊದಲೇ ಹೋಗುವುದು ಲೇಸು. ಈ ರೋಗವುಳ್ಳವರ ಮೈಮೇಲೆ ವಾರಗಟ್ಟಲೆ ಮಾಯದ ಹುಣ್ಣು ಇದ್ದರೆ ಕ್ಯಾನ್ಸರಿನ ಸಾಧ್ಯತೆಯುಂಟು. ಅದನ್ನು ತಡಮಾಡದೆ ಚರ್ಮವೈದ್ಯರಿಗೆ ತೋರಿಸತಕ್ಕದ್ದು.