ಕಾಟರಿ ಮಷೀನ್ ಬಿಸಿಯಾಗೋದು ಯಾಕೆ?

ಬಂಗಾರಪೇಟೆಯಿಂದ ಜೋಲಾರ್‌ಪೇಟೆ ಕಡೆ ಹೋಗೋ ರೈಲು ಹತ್ತಿದ್ರೆ ದಾರಿಯಲ್ಲಿ ಕಾಮಸಮುದ್ರ ಸ್ಟೇಷನ್ ಸಿಗುತ್ತೆ. ಆ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದ್ರೂ ಹರ್ನಿಯಾ, ಅಪೆಂಡಿಕ್ಸ್ ಆಪರೇಷನ್ ಆಗಬೇಕಂದ್ರೆ ಬಂಗಾರಪೇಟೆ, ಕೆಜಿಎಫ್ ಅಥವಾ ಕೋಲಾರದ ದಾರಿ ಹಿಡಿಯಬೇಕು. ಅಲ್ಲಿ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಕೈಯಲ್ಲಿ ಪೆನ್ನಿನಂಥ ಒಂದು ಸಾಧನ ಇರುತ್ತೆ. ಅದರ ವೈರು ಹೋಗಿ ಸೇರೋ ಪೆಟ್ಟಿಗೆಗೆ ಎಲ್ಲರೂ ‘ಕಾಟರಿ ಮಷೀನ್’ ಅಂತಾರೆ. ಪುಸ್ತಕದ ಹೆಸರು ಎಲೆಕ್ಟ್ರೋಸರ್ಜಿಕಲ್ ಜನರೇಟರ್. ನಮ್ಮ ಕಣ್ಣಿಗೆ ಅದು ಒಂದು ಪವರ್ ಆಂಪ್ಲಿಫೈಯರ್, ಅಷ್ಟೇ. ಆದರೆ ಆಪರೇಷನ್ ಮಧ್ಯೆ ಕರೆಂಟ್ ಹೋಗಿ ಎಲ್ಲಾ ಯುಪಿಎಸ್ ಮೇಲೆ ನಿಂತಾಗ, ಅದರ ದಕ್ಷತೆ ಬರೀ ಎರಡು ಮಾರ್ಕ್ಸಿನ ಪ್ರಶ್ನೆಯಾಗಿ ಉಳಿಯಲ್ಲ.

ಈ ಸೀಮೆಗೆ ದಕ್ಷತೆಯ ಪಾಠ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ದೂರ ಕಳಿಸೋಕೆ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದರು. ಯಾಕಂದ್ರೆ ತಂತಿಯಲ್ಲಿ ಬಿಸಿಯಾಗಿ ಹೋಗೋ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಹೊರಟ ಶಕ್ತಿಯಲ್ಲಿ ಕೆಲಸದ ಜಾಗಕ್ಕೆ ಎಷ್ಟು ತಲುಪಿತು ಅನ್ನೋದೇ ಅಂದಿನ ಪ್ರಶ್ನೆ. ಕಾಟರಿ ಪೆಟ್ಟಿಗೆಯ ಒಳಗೂ ಅದೇ ಪ್ರಶ್ನೆ.

ಮಷೀನ್ ಮಾಡೋದೇನು?

ಮನೆಯ 50 ಹರ್ಟ್ಸ್ ಕರೆಂಟ್ ಮೈಯಲ್ಲಿ ಹರಿದ್ರೆ ನರ, ಸ್ನಾಯು ಸೆಟೆದುಕೊಳ್ಳುತ್ತವೆ. ಫ್ರೀಕ್ವೆನ್ಸಿ ಲಕ್ಷ ಹರ್ಟ್ಸ್ ದಾಟಿದ ಮೇಲೆ ಅವು ಆ ವೇಗಕ್ಕೆ ಸ್ಪಂದಿಸಲ್ಲ, ಬಿಸಿ ಮಾತ್ರ ಹುಟ್ಟುತ್ತೆ. ಅದಕ್ಕೇ ಈ ಮಷೀನುಗಳು ಸಾಮಾನ್ಯವಾಗಿ 300ರಿಂದ 500 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. 1926ರಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಬೋವಿ ಮಾಡಿದ ಮಷೀನನ್ನು ಹಾರ್ವೆ ಕುಶಿಂಗ್ ಮೆದುಳಿನ ಆಪರೇಷನ್ನಿಗೆ ಬಳಸಿದ ಮೇಲೆ ಈ ವಿದ್ಯೆ ಜಗತ್ತಿಗೆಲ್ಲ ಹರಡಿತು.

ತೊಂದರೆ ಇರೋದು ಲೋಡಿನಲ್ಲಿ. ಸ್ಪೀಕರ್ 8 ಓಮ್ ಅಂದ್ರೆ ಹೆಚ್ಚುಕಮ್ಮಿ 8 ಓಮ್. ಅಂಗಾಂಶ ಹಾಗಲ್ಲ. ರಕ್ತದಲ್ಲಿ ಒದ್ದೆಯಾದ ಕಡೆ ನೂರು ಓಮಿಗಿಂತ ಕಡಿಮೆ ಇರಬಹುದು. ಒಣಗಿದ ಕಡೆ, ಕೊಬ್ಬಿನ ಕಡೆ ಸಾವಿರ ಓಮ್ ದಾಟಬಹುದು. ಒಂದೇ ಸಲ ಪೆನ್ ಎಳೆಯುವಷ್ಟರಲ್ಲಿ ಇದೆಲ್ಲಾ ಬದಲಾಗುತ್ತೆ. ಸರ್ಜನ್ ಕೇಳೋ ಪವರ್ ಕೂಡ ಮಷೀನಿನ ಗರಿಷ್ಠ ಪವರ್‌ಗಿಂತ ಬಹಳ ಸಲ ತುಂಬಾ ಕಡಿಮೆ.

ಕ್ಲಾಸ್ ಬಿ ಲೆಕ್ಕ

ನಾವೆಲ್ಲ ಬಾಯಿಪಾಠ ಮಾಡಿದ್ದೀವಿ: ಕ್ಲಾಸ್ ಬಿ ದಕ್ಷತೆ 78.5%. ಆದರೆ ಅದು ಔಟ್‌ಪುಟ್ ವೋಲ್ಟೇಜ್ ಸಪ್ಲೈಯಷ್ಟೇ ಎತ್ತರಕ್ಕೆ ಏರಿದಾಗ ಮಾತ್ರ. ವೋಲ್ಟೇಜ್ ಅರ್ಧಕ್ಕಿಳಿದ್ರೆ ದಕ್ಷತೆಯೂ ಅರ್ಧ.

400 ವ್ಯಾಟಿನ ಮಷೀನ್, ಬದಲಾಗದ ಲೋಡ್ ಅಂತ ಇಟ್ಕೊಳ್ಳಿ. ಪೂರ್ತಿ 400 ವ್ಯಾಟ್ ಕೊಡುವಾಗ ಎಳೆಯೋದು 509, ಬಿಸಿಯಾಗಿ ಹೋಗೋದು 109 ವ್ಯಾಟ್. 100 ವ್ಯಾಟಿಗೆ ಇಳಿಸಿ: ವೋಲ್ಟೇಜ್ ಅರ್ಧ, ದಕ್ಷತೆ 39%, ಎಳೆಯೋದು 255, ನಷ್ಟ 155 ವ್ಯಾಟ್. ನಾಬ್ ಕೆಳಗೆ ತಿರುಗಿಸಿದ್ವಿ, ಬಿಸಿ ಜಾಸ್ತಿಯಾಯ್ತು! 25 ವ್ಯಾಟಿಗೆ ಇಳಿಸಿದ್ರೂ ನಷ್ಟ ಸುಮಾರು 102 ವ್ಯಾಟ್. ರೋಗಿಗೆ 25, ಹೀಟ್‌ಸಿಂಕಿಗೆ 102.

ಯುಪಿಎಸ್ ಬ್ಯಾಟರಿ ಖಾಲಿಯಾಗೋದು ಈ ಲೆಕ್ಕದಿಂದ. ದೊಡ್ಡ ಹೀಟ್‌ಸಿಂಕು, ಸದ್ದು ಮಾಡೋ ಫ್ಯಾನು, ಫ್ಯಾನ್ ಎಳೆದು ತರೋ ಧೂಳು, ಬಿಸಿಗೆ ಸೊರಗೋ ಕೆಪಾಸಿಟರ್, ಎಲ್ಲದರ ಬೇರೂ ಇಲ್ಲೇ. ಸರ್ವಿಸ್ ಎಂಜಿನಿಯರ್ ದೊಡ್ಡ ಊರಿಂದ ಬರಬೇಕಾದ ಸಣ್ಣ ಆಸ್ಪತ್ರೆಯಲ್ಲಿ ಮಷೀನ್ ಕೆಟ್ಟು ನಿಂತ್ರೆ, ಕೆಲವು ಆಪರೇಷನ್ನುಗಳು ಮುಂದಕ್ಕೆ ಹೋಗುತ್ತವೆ.

ಹಾಗಾದ್ರೆ ಏನು ಮಾಡೋದು?

ಮೊದಲ ಹೆಜ್ಜೆ: ಟ್ರಾನ್ಸಿಸ್ಟರನ್ನು ಅರ್ಧಂಬರ್ಧ ತೆರೆದು ಇಡಬೇಡಿ, ಸ್ವಿಚ್ ಥರ ಬಳಸಿ. ಪೂರ್ತಿ ಆನ್ ಆದಾಗ ಅದರ ಮೇಲೆ ವೋಲ್ಟೇಜ್ ತೀರಾ ಕಡಿಮೆ, ಆಫ್ ಆದಾಗ ಕರೆಂಟ್ ಇಲ್ಲ. ಎರಡರ ಗುಣಲಬ್ಧ ಆಗಲೂ ಈಗಲೂ ಸೊನ್ನೆಗೆ ಹತ್ತಿರ. ನಾಲ್ಕು ಮಾಸ್‌ಫೆಟ್‌ಗಳ ಫುಲ್ ಬ್ರಿಡ್ಜ್ ಚೌಕ ಅಲೆ ಕೊಡುತ್ತೆ, ಇಂಡಕ್ಟರ್–ಕೆಪಾಸಿಟರ್ ಫಿಲ್ಟರ್ ಅದನ್ನ ಸೈನ್ ಮಾಡುತ್ತೆ. ಇದು ಕ್ಲಾಸ್ ಡಿ.

1975ರಲ್ಲಿ ನೇಥನ್ ಸೋಕಲ್, ಅಲನ್ ಸೋಕಲ್ ಪ್ರಕಟಿಸಿದ ಕ್ಲಾಸ್ ಇ ಇನ್ನೂ ಸರಳ, ಒಂದೇ ಸ್ವಿಚ್ ಸಾಕು. ಆದರೆ ಅದನ್ನ ಒಂದು ನಿರ್ದಿಷ್ಟ ಲೋಡಿಗೆ ಟ್ಯೂನ್ ಮಾಡಿರ್ತೀವಿ. ಲೋಡ್ ಅಲುಗಿದ್ರೆ ಅದರ ಗುಣವೂ ಅಲುಗುತ್ತೆ. ಆದರ್ಶ ಸ್ಥಿತಿಯಲ್ಲೇ ಸ್ವಿಚ್ ಮೇಲೆ ಸಪ್ಲೈಯ ಸುಮಾರು 3.56 ಪಟ್ಟು ವೋಲ್ಟೇಜ್ ಬೀಳುತ್ತೆ. ಅಂಗಾಂಶದಂಥ ಚಂಚಲ ಲೋಡಿಗೆ ಫುಲ್ ಬ್ರಿಡ್ಜ್ ವಾಸಿ.

ಎರಡನೇ ಹೆಜ್ಜೆ: ಸ್ವಿಚಿಂಗ್ ನಷ್ಟ ನೋಡಿ. ಮಾಸ್‌ಫೆಟ್ಟಿನ ಔಟ್‌ಪುಟ್ ಕೆಪಾಸಿಟೆನ್ಸ್ 200 ಪಿಕೋಫ್ಯಾರಡ್, ಸಪ್ಲೈ 200 ವೋಲ್ಟ್ ಇದ್ರೆ, ಪ್ರತಿ ಸಲ ಆನ್ ಆದಾಗ 4 ಮೈಕ್ರೋಜೂಲ್ ಒಳಗೇ ಸುಡುತ್ತೆ. 400 ಕಿಲೋಹರ್ಟ್ಸಿನಲ್ಲಿ ಅದು 1.6 ವ್ಯಾಟ್, ನಾಲ್ಕಕ್ಕೆ 6.4. ಎರಡು ಸ್ವಿಚ್ ಬದಲಾಗೋ ನಡುವಿನ ಡೆಡ್ ಟೈಮಿನಲ್ಲಿ ಇಂಡಕ್ಟರ್ ಕರೆಂಟೇ ಆ ಕೆಪಾಸಿಟೆನ್ಸನ್ನು ಖಾಲಿ ಮಾಡೋ ಹಾಗೆ ಮಾಡಿದ್ರೆ, ಸ್ವಿಚ್ ಸೊನ್ನೆ ವೋಲ್ಟಿನಲ್ಲಿ ಆನ್ ಆಗುತ್ತೆ. ನಷ್ಟ ಬಹುಪಾಲು ಉಳೀತು. ಆದರೆ ಅದಕ್ಕಂತ ಕರೆಂಟನ್ನು ಸುಮ್ಮನೆ ಹೆಚ್ಚು ಸುತ್ತಾಡಿಸಿದ್ರೆ ಇಂಡಕ್ಟರಿನ ತಾಮ್ರ ಬಿಸಿಯಾಗುತ್ತೆ. ಹದ ಬೇಕು.

ಮೂರನೇ ಹೆಜ್ಜೆ, ನಮ್ಮ ಪ್ರಕಾರ ಮುಖ್ಯವಾದದ್ದು: ಪವರ್ ಕಡಿಮೆ ಬೇಕಾದಾಗ ಸಪ್ಲೈಯನ್ನೇ ಇಳಿಸಿ. ಬ್ರಿಡ್ಜ್‌ಗೆ ಮುಂಚೆ ಒಂದು ಬಕ್ ಕನ್ವರ್ಟರ್ ಇಟ್ಟು, ವೋಲ್ಟೇಜ್ ಕರೆಂಟ್ ಅಳೆದು, ಬೇಕಾದಷ್ಟೇ ವೋಲ್ಟೇಜ್ ಕೊಡೋದು. ಸಪ್ಲೈ 200ರಿಂದ 100ಕ್ಕೆ ಇಳಿದ್ರೆ ಮೇಲಿನ ಕೆಪಾಸಿಟೆನ್ಸ್ ನಷ್ಟ ಕಾಲು ಭಾಗಕ್ಕೆ ಬರುತ್ತೆ. ಒಟ್ಟು ದಕ್ಷತೆ 85% ಸಿಕ್ಕಿದ್ರೂ ಸಾಕು, 100 ವ್ಯಾಟಿಗೆ ಎಳೆಯೋದು 118 ಮಾತ್ರ. ಕ್ಲಾಸ್ ಬಿ ಎಳೆದ 255ರ ಅರ್ಧಕ್ಕಿಂತ ಕಡಿಮೆ!

ನಾವು ಮಾಡಿ ನೋಡಬಹುದಾದದ್ದು

ಮಿನಿ ಪ್ರಾಜೆಕ್ಟ್ ಹುಡುಕ್ತಿರೋರಿಗೆ ಇದು ಒಳ್ಳೇ ವಿಷಯ. ಆಸ್ಪತ್ರೆಯ ಮಷೀನನ್ನಂತೂ ಬಿಚ್ಚಬೇಡಿ. ಅದರ ಔಟ್‌ಪುಟ್ ಸಾವಿರಾರು ವೋಲ್ಟ್ ಮುಟ್ಟಬಹುದು. 24 ವೋಲ್ಟ್ ಸಪ್ಲೈಯಲ್ಲಿ ಒಂದು ಸಣ್ಣ ಬ್ರಿಡ್ಜ್ ಕಟ್ಟಿ, ಲ್ಯಾಬ್ ಸರ್ ಅಥವಾ ಮೇಡಂ ಎದುರಿಗೇ ಆನ್ ಮಾಡಿ. ಲೋಡಿಗೆ ಇಂಡಕ್ಟೆನ್ಸ್ ಇಲ್ಲದ ರೆಸಿಸ್ಟರ್ ಬೇಕು. ತಂತಿ ಸುತ್ತಿದ ರೆಸಿಸ್ಟರ್ ಹಾಕಿದ್ರೆ 400 ಕಿಲೋಹರ್ಟ್ಸಿನಲ್ಲಿ ರೀಡಿಂಗ್ ಮೋಸ ಮಾಡುತ್ತೆ.

ಪೂರ್ತಿ, ಕಾಲು, ಹದಿನಾರನೇ ಒಂದು ಭಾಗ, ಹೀಗೆ ಮೂರು ಪವರ್‌ನಲ್ಲಿ, ಮೂರು ಬೇರೆ ಬೇರೆ ಲೋಡಿನಲ್ಲಿ ಅಳೆಯಿರಿ. ಒಟ್ಟು ಒಂಬತ್ತು ರೀಡಿಂಗ್. ಯಾವುದಾದರೂ ಡೇಟಾಶೀಟ್ ‘ದಕ್ಷತೆ 90%’ ಅಂತ ಒಂದೇ ಸಂಖ್ಯೆ ಕೊಟ್ರೆ, ಎಷ್ಟು ವ್ಯಾಟಿನಲ್ಲಿ, ಯಾವ ಲೋಡಿನಲ್ಲಿ ಅಂತ ಕೇಳಿ. ನಿಮ್ಮ ಒಂಬತ್ತು ರೀಡಿಂಗ್ ಬಂದ ಮೇಲೆ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.