ಬತ್ತಿಜೆ, ಬರಲಿಲ್ಲ, ಡಿಡ್ ನಾಟ್ ಕಮ್

ಇಂಗ್ಲಿಷ್ ವಾಕ್ಯವನ್ನು ನಿಷೇಧ ವಾಕ್ಯವಾಗಿ ತಿರುಗಿಸುವುದೆಂದರೆ ನಡುವೆ ಒಂದು ‘ನಾಟ್’ ಸೇರಿಸಿಬಿಡುವುದೆಂದು ಮಕ್ಕಳು ತಿಳಿಯುತ್ತಾರೆ. ‘ಹಿ ಈಸ್ ರಿಚ್’ ಎಂಬಂತಹ ಕಡೆ ಅಷ್ಟೇ ಸಾಕು. ‘ಹಿ ಕೇಮ್’ ಎಂಬುದು ಎದುರಾದಾಗ ಮಾತ್ರ ‘ಹಿ ಡಿಡ್ ನಾಟ್ ಕೇಮ್’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಳ್ಳುತ್ತಾರೆ.

ಇದಕ್ಕೆ ಮದ್ದು ಕನ್ನಡದಲ್ಲಿಯೇ ಇದೆ. ‘ಬಂದನು’ ಎಂಬುದರ ನಿಷೇಧ ‘ಬಂದನಿಲ್ಲ’ ಎಂದಲ್ಲವಷ್ಟೆ, ‘ಬರಲಿಲ್ಲ’ ಎಂದು. ‘ಇಲ್ಲ’ ಸೇರಿದೊಡನೆ ‘ಬಂದ’ ಹೋಗಿ ‘ಬರಲು’ ನಿಲ್ಲುತ್ತದೆ. ಇಂಗ್ಲಿಷಿನಲ್ಲಿಯೂ ಹಾಗೆಯೇ. ಭೂತಕಾಲವನ್ನು ಹೊರುವ ಕೆಲಸವನ್ನು ‘ಡಿಡ್’ ವಹಿಸಿಕೊಂಡ ಮೇಲೆ ‘ಕೇಮ್’ ಹೊರೆಯಿಳಿಸಿ ‘ಕಮ್’ ಆಗುತ್ತದೆ. ‘ಕಮ್ಸ್’ ಎಂಬುದರ ಬಾಲದ ಎಸ್ ಅಕ್ಷರವೂ ‘ಡಸ್’ನ ಪಾಲಾಗುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆ ಎಷ್ಟೋ ಮನೆಗಳಲ್ಲಿ ಮಗು ಮೊದಲು ಕಲಿಯುವುದು ತುಳುವನ್ನು. ಅದರ ಬಗೆಯೇ ಬೇರೆ. ‘ಆಯೆ ಬತ್ತೆ’ ಎಂದರೆ ಅವನು ಬಂದ. ‘ಆಯೆ ಬತ್ತಿಜೆ’ ಎಂದರೆ ಬರಲಿಲ್ಲ. ‘ನಾನು ಬರಲಿಲ್ಲ’ ಎನ್ನಲು ‘ಯಾನ್ ಬತ್ತಿಜಿ’. ಯಾರು, ಯಾವಾಗ, ಇಲ್ಲ, ಈ ಮೂರೂ ಒಂದೇ ಪದದಲ್ಲಿ ಅಡಕ! ಹಳಗನ್ನಡದ ‘ಬಾರೆಂ’ ಎಂಬುದರಲ್ಲಿ ‘ನಾನು’ ಇದೆ, ‘ಇಲ್ಲ’ ಇದೆ, ಕಾಲ ಮಾತ್ರವಿಲ್ಲ. ತುಳುವಿನ ಈ ಸಂಪತ್ತಿನ ಕಡೆಗೆ ವಿದ್ವಾಂಸರ ಕಣ್ಣು ಬಿದ್ದು ಬಹುಕಾಲವಾಯಿತು. ಬ್ರಿಗೆಲರ ತುಳು ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾದದ್ದು 1872ರಲ್ಲಿ.

‘ಬತ್ತಿಜೆ’ಯಲ್ಲಿ ಭೂತಕಾಲದ ‘ಬತ್ತ್’ ಉಳಿದೇ ಇರುವುದರಿಂದ, ತುಳುವಿನಲ್ಲಿ ಯೋಚಿಸುವ ಹುಡುಗನಿಗೆ ‘ಡಿಡ್ ನಾಟ್ ಕೇಮ್’ ಸಹಜವೆನಿಸಿದರೆ ಆಶ್ಚರ್ಯವಲ್ಲ. ಅವನಿಗೆ ‘ಬರಲಿಲ್ಲ’ದ ದಾರಿಯನ್ನೇ ತೋರಿಸಬೇಕು. ನಿಯಮವನ್ನು ಉರುಹೊಡೆಸುವುದಕ್ಕಿಂತ ಇದು ಮೇಲೆಂದು ನನ್ನ ಅಭಿಪ್ರಾಯ.

‘ಮಸ್ಟ್’ ಎಂಬಲ್ಲಿ ಇನ್ನೊಂದು ತೊಡಕು. ‘ಯು ಮಸ್ಟ್ ಗೋ’ ಎಂದರೆ ಹೋಗಲೇಬೇಕು. ‘ನಾಟ್’ ಸೇರಿಸಿದರೆ ಹೋಗಬೇಕಾಗಿಲ್ಲ ಎಂದಾಗದು, ಹೋಗಕೂಡದು ಎಂದಾಗುತ್ತದೆ. ಹೋಗಬೇಕಾಗಿಲ್ಲ ಎನ್ನಲು ‘ನೀಡ್ ನಾಟ್ ಗೋ’ ಎನ್ನಬೇಕು. ಔಷಧಿಯ ಶೀಶೆಯ ಮೇಲಿನ ಸೂಚನೆಯಲ್ಲಿ ಇವೆರಡು ಅದಲುಬದಲಾದರೆ ಗತಿಯೇನು?

ಉತ್ತರ ಕೊಡುವಾಗಲಂತೂ ದೊಡ್ಡವರೂ ಎಡವುತ್ತಾರೆ. ಕೆಲಸದ ಸಂದರ್ಶನದಲ್ಲಿ ‘ಹ್ಯಾವ್ ಯು ನಾಟ್ ಬ್ರಾಟ್ ದ ಸರ್ಟಿಫಿಕೇಟ್?’ ಎಂದು ಕೇಳಿದರೆನ್ನಿ. ‘ಹೌದು, ತಂದಿಲ್ಲ’ ಎಂಬ ನಮ್ಮ ವಾಡಿಕೆಯಂತೆ ಬರಿಯ ‘ಯೆಸ್’ ಎಂದರೆ, ತಂದಿದ್ದಾನೆಂದು ತಿಳಿದು ಅಧಿಕಾರಿ ಕೈ ಚಾಚುತ್ತಾರೆ. ತರದಿದ್ದರೆ ‘ನೋ, ಐ ಹ್ಯಾವ್ ನಾಟ್’ ಎನ್ನಬೇಕು. ಪ್ರಶ್ನೆಯಲ್ಲಿ ‘ನಾಟ್’ ಇರಲಿ ಬಿಡಲಿ, ತಂದಿದ್ದರೆ ‘ಯೆಸ್’, ತರದಿದ್ದರೆ ‘ನೋ’.