ನಾಲ್ವರ ನೂರು ಕಿಲೊಮೀಟರ್

ದೂರ ನಡೆಯುವುದು ನಮ್ಮವರಿಗೆ ಹೊಸದಲ್ಲ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಶ್ರೀಶೈಲಕ್ಕೆ ಹೊರಡುವವರು ನೂರಾರು ಕಿಲೊಮೀಟರ್ ಸವೆಸುತ್ತಾರೆ. ಮರಗಾಲು ಕಟ್ಟಿಕೊಂಡು ಹೋಗುವವರೂ ಉಂಟು. ನಾಲ್ವರು ಜೊತೆಯಾಗಿ, ಗಡಿಯಾರದ ಗಡುವಿನೊಳಗೆ, ಪರರಿಗಾಗಿ ದೇಣಿಗೆ ಎತ್ತಿ ನಡೆಯುವ ‘ಟ್ರೇಲ್‌ವಾಕರ್’ ಮಾತ್ರ ಹಾಂಗ್‌ಕಾಂಗಿನ ಕೂಸು. ಅದೂ ಹುಟ್ಟಿದ್ದು ಪಲ್ಟನ್ನಿನ ಕಸರತ್ತಾಗಿ.

ಹಾಂಗ್‌ಕಾಂಗ್ ಎಂದೊಡನೆ ಗಗನಚುಂಬಿ ಕಟ್ಟಡಗಳು ಕಣ್ಣಿಗೆ ಬರುತ್ತವೆ. ಅವುಗಳ ಬೆನ್ನಿಗೇ ಬೆಟ್ಟಗಳಿವೆ. ಆ ಬೆಟ್ಟಗಳನ್ನು ಹತ್ತಿಳಿಯುತ್ತ, ಪೂರ್ವದ ಸಾಯ್ ಕುಂಗ್‌ನಿಂದ ಪಶ್ಚಿಮದ ತ್ವೆನ್ ಮುನ್‌ವರೆಗೆ ಸಾಗುವ 100 ಕಿ.ಮೀ. ಕಾಲುದಾರಿ 1979ರಲ್ಲಿ ತೆರೆಯಿತು. ಆಗಿನ ಗವರ್ನರ್ ಮೆಕ್ಲೆಹೋಸ್ ಅವರದೇ ಹೆಸರು ಅದಕ್ಕೆ. ಅರ್ಧ ಕಿ.ಮೀ.ಗೊಂದರಂತೆ ದೂರದ ಕಂಬಗಳು. ಬೊಬ್ಬೆ ಎದ್ದ ಕಾಲಿನಲ್ಲಿ ಅವನ್ನು ಎಣಿಸುತ್ತ ಹೋಗುವುದು ಸಮಾಧಾನವೋ ಶಿಕ್ಷೆಯೋ, ನಡೆದವರೇ ಹೇಳಬೇಕು. ಅಲ್ಲಿನ ಅತಿ ಎತ್ತರದ ಬೆಟ್ಟ, 957 ಮೀಟರಿನ ತೈ ಮೊ ಶಾನ್, ಎದುರಾಗುವುದೂ ಅರವತ್ತು ಕಿ.ಮೀ. ದಾಟಿ ಮೊಣಕಾಲು ಸೋತ ಮೇಲೆಯೇ.

ಬ್ರಿಟಿಷ್ ಸೇನೆಯ ಗೂರ್ಖಾ ಸಿಗ್ನಲ್ಸ್ ಪಡೆ 1981ರಲ್ಲಿ ತನ್ನ ಸೈನಿಕರನ್ನು ಈ ದಾರಿಗೆ ಬಿಟ್ಟಿತು. ನೇಪಾಳದ ಗುಡ್ಡಗಾಡಿನಲ್ಲಿ ಬೆಳೆದವರಿಗೆ ಏರಿಳಿತದ ಅಂಜಿಕೆ ಎಲ್ಲಿಯದು! ತರಬೇತಿಯೂ ಆಯಿತು, ಒಳ್ಳೆಯ ಕೆಲಸಕ್ಕೆ ಒಂದಿಷ್ಟು ಹಣವೂ ಕೂಡಿತು. 1986ರಲ್ಲಿ ಆಕ್ಸ್‌ಫಾಮ್ ಎಂಬ ಸೇವಾಸಂಸ್ಥೆ ಕೈಜೋಡಿಸಿದಾಗ ನಾಗರಿಕರಿಗೂ ಬಾಗಿಲು ತೆರೆಯಿತು. 1997ರಲ್ಲಿ ಹಾಂಗ್‌ಕಾಂಗ್ ಚೀನಾದ ಕೈಸೇರಿತು. ಗೂರ್ಖಾಗಳು ಗಂಟುಮೂಟೆ ಕಟ್ಟಿದರು. ನಡಿಗೆ ಮಾತ್ರ ಅಲ್ಲೇ ಉಳಿಯಿತು, ಆಕ್ಸ್‌ಫಾಮ್ ನಡೆಸಿಕೊಂಡು ಹೋಯಿತು. ಹೊರಟ ಗೂರ್ಖಾಗಳೂ ಅದನ್ನು ಬಿಡಲಿಲ್ಲ; ಇಂಗ್ಲೆಂಡಿನ ಸೌತ್ ಡೌನ್ಸ್ ಗುಡ್ಡಗಳಲ್ಲಿ ಇನ್ನೊಂದು ನಡಿಗೆ ಚಿಗುರಿತು. ಮುಂದೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಬೆಲ್ಜಿಯಂ.

ಊರೂರು ಸುತ್ತಿದರೂ ಸೇನೆಯ ಒಂದು ಗುಣ ಇದನ್ನು ಬಿಟ್ಟಿಲ್ಲ. ಹೆಸರು ಕೊಡುವುದು ಒಬ್ಬೊಬ್ಬರಾಗಿ ಅಲ್ಲ, ನಾಲ್ವರ ತಂಡವಾಗಿ. ಗಡುವು ಹಾಂಗ್‌ಕಾಂಗಿನಲ್ಲಿ 48 ಗಂಟೆ. ಎಲ್ಲರೂ ಒಟ್ಟಿಗೇ ನಡೆಯಬೇಕು, ತಪಾಸಣಾ ಠಾಣೆಗಳನ್ನು ಒಟ್ಟಿಗೇ ದಾಟಬೇಕು. ಒಬ್ಬನಿಗೆ ಆಗುವುದೇ ಇಲ್ಲವೆಂದರೆ ಅವನನ್ನು ಠಾಣೆ ಮುಟ್ಟಿಸಿ ಉಳಿದವರು ಮುಂದುವರಿಯಬಹುದು. ನಡುದಾರಿಯಲ್ಲಿ ಬಿಟ್ಟು ಹೋಗುವಂತಿಲ್ಲ. ಹೀಗಾಗಿ ತಂಡದ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾದವನ ವೇಗವೇ. ಶರವೇಗದ ಓಟಗಾರ ತನ್ನ ಗೆಳೆಯ ಕಾಲುಚೀಲ ಬದಲಿಸುವುದನ್ನು ಕಾಯುತ್ತ ಕೂರಬೇಕಾಗುತ್ತದೆ. ನನಗೆ ಈ ನಡಿಗೆ ಮ್ಯಾರಥಾನ್‌ಗಿಂತ ಹತ್ತಿರವಾಗುವುದು ಇದೇ ಕಾರಣಕ್ಕೆ.

ಭಾರತಕ್ಕೆ ಇದು ಬಂದಿಳಿದದ್ದು 2012ರಲ್ಲಿ, ಬೆಂಗಳೂರಿಗೆ. 100 ಕಿ.ಮೀ.ಗೆ 48 ಗಂಟೆ, ಅಷ್ಟು ಧೈರ್ಯ ಸಾಲದವರಿಗೆ 50 ಕಿ.ಮೀ.ಗೆ 24 ಗಂಟೆ. ಕಂಪನಿಗಳ ಸಹೋದ್ಯೋಗಿಗಳೇ ತಂಡ ಕಟ್ಟಿದರು. ಬಾಸ್ ಕುಂಟತೊಡಗಿದರೆ ಟ್ರೈನಿಯೂ ನಿಲ್ಲಬೇಕಿತ್ತು, ಟ್ರೈನಿಗೆ ಕಾಲು ಉಳುಕಿದರೆ ಬಾಸೂ.

ತಂಡದ ಬೆನ್ನಿಗೆ ಇನ್ನೊಂದು ಪಡೆಯಿರುತ್ತದೆ. ಮನೆಯವರು, ಗೆಳೆಯರು ವಾಹನದಲ್ಲಿ ಮೊದಲೇ ಠಾಣೆ ತಲುಪಿ ಊಟ, ನೀರು, ಒಣ ಕಾಲುಚೀಲ, ನೋವಿನ ಮುಲಾಮು ಹಿಡಿದು ಕಾಯುತ್ತಾರೆ. ಶ್ರೀಶೈಲದ ಹಾದಿಯಲ್ಲಿ ಮಜ್ಜಿಗೆ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕುವ ಭಕ್ತರು ಇವರನ್ನು ಕಂಡರೆ ತಮ್ಮವರೆಂದೇ ಗುರುತಿಸಿಯಾರು. ನಡುರಾತ್ರಿ ತಿರುವಿನಲ್ಲಿ ತಲೆದೀಪಗಳು ಕಂಡಾಗ ಇವರು ಮೊದಲು ಎಣಿಸುವುದು ನಾಲ್ಕು ಇವೆಯೇ ಎಂದು. ಆಮೇಲೆ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾರೆ.